ಅಡಿಕೆ ಹಾಳೆಯ ಮೇಲಿನ ಕಪ್ಪು ಹನಿ

ಟ್ರ್ಯಾಕ್ಟರ್ ಮನೆಗೆ ಬಂದ ಮರುದಿನ ಬೆಳಿಗ್ಗೆ ಕೊಟ್ಟಿಗೆಯ ನೆಲದ ಮೇಲೆ ಅಂಗೈ ಅಗಲದ ಕಪ್ಪು ಕಲೆಯೊಂದು ಕಾಣಿಸಿತು. ಸಗಣಿ ಸಾರಿಸಿದ ನೆಲ ಎಣ್ಣೆಯನ್ನು ಬೇಗ ಹೀರಿಕೊಳ್ಳುವುದರಿಂದ ಎಷ್ಟು ಸೋರಿದೆ, ಎಲ್ಲಿಂದ ಸೋರಿದೆ ಎಂಬುದು ಆ ಕಲೆಯನ್ನು ನೋಡಿ ತಿಳಿಯುವಂತಿರಲಿಲ್ಲ. ಅಂದು ಸಂಜೆ ತೋಟದಿಂದ ಎರಡು ಅಡಿಕೆ ಹಾಳೆಗಳನ್ನು ಆರಿಸಿ ತಂದು, ಒಂದನ್ನು ಇಂಜಿನ್ನಿನ ಮುಂಭಾಗದ ಕೆಳಗೂ ಇನ್ನೊಂದನ್ನು ಹಿಂದೆ, ಕ್ಲಚ್ಚನ್ನು ಮುಚ್ಚಿರುವ ಲೋಹದ ಗೂಡಾದ ಕ್ಲಚ್ ಹೌಸಿಂಗಿನ ಕೆಳಗೂ ಇಟ್ಟೆ. ಹಾಳೆಯ ಒಳಮೈ ನುಣುಪಾಗಿ, ತಿಳಿ ಬಣ್ಣದ್ದಾಗಿರುತ್ತದೆ. ಅದರ ಮೇಲೆ ಬಿದ್ದ ಎಣ್ಣೆ ಒಡನೆ ಹೀರಿಹೋಗದೆ ಗುಂಡಗೆ ನಿಲ್ಲುತ್ತದೆ. ಬೆಳಿಗ್ಗೆ ಎಣಿಸಿದಾಗ ಮುಂದಿನ ಹಾಳೆಯಲ್ಲಿ 11 ಹನಿ, ಹಿಂದಿನದರಲ್ಲಿ 27 ಹನಿ ಇದ್ದವು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದವನಿಗೆ ನಿವೃತ್ತಿಯಾದರೂ ಎಣಿಸುವ ಚಾಳಿ ಬಿಡುವುದಿಲ್ಲ. ಎಣಿಸಿದ್ದನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟೆ.

ನಮ್ಮ ತೋಟ ಸಂತೇಬೆನ್ನೂರಿನಿಂದ ಚನ್ನಗಿರಿಯ ಕಡೆಗೆ ಹೋಗುವ ದಾರಿಯಲ್ಲಿ, ಒಂದಿಷ್ಟು ಒಳಗೆ ಇದೆ. ಎರಡೂವರೆ ಎಕರೆ ಅಡಿಕೆ, ನಡುವೆ ಅಲ್ಲಲ್ಲಿ ಬಾಳೆ. ಸಾಲಿನಿಂದ ಸಾಲಿಗೆ, ಗಿಡದಿಂದ ಗಿಡಕ್ಕೆ ಒಂಬತ್ತು ಅಡಿ. ಈ ಅಂತರದಲ್ಲಿ ದೊಡ್ಡ ಟ್ರ್ಯಾಕ್ಟರ್ ನುಗ್ಗಿಸಿದರೆ ಬೇರಿಗೂ ಬುಡಕ್ಕೂ ಪೆಟ್ಟು. ಆದ್ದರಿಂದಲೇ ನಮ್ಮ ಭಾಗದ ಅಡಿಕೆ ಬೆಳೆಗಾರರು ಮೂರಡಿ ಅಗಲದ ಮಿನಿ ಟ್ರ್ಯಾಕ್ಟರುಗಳನ್ನು ಇಟ್ಟುಕೊಳ್ಳುತ್ತಾರೆ. ಗೊಬ್ಬರ ಸಾಗಿಸಲು, ಕಳೆ ಮಗುಚಲು, ಕೊಯ್ದ ಗೊನೆಗಳನ್ನು ಮನೆಗೆ ತರಲು ಅಷ್ಟು ಸಾಕು. ನಾನು ಕೊಂಡದ್ದು ಹದಿನೆಂಟು ಎಚ್‌ಪಿಯ, ಮೂರು ಸಿಲಿಂಡರಿನ, ನೀರಿನಿಂದ ತಣಿಯುವ ಡೀಸೆಲ್ ಇಂಜಿನ್ನಿನ ಗಾಡಿ. 2023ರ ಮುಂಗಾರು ಕೈಕೊಟ್ಟ ಮೇಲೆ, 2024ರ ಬೇಸಿಗೆಯಲ್ಲಿ ನಮ್ಮ ಕಡೆ ಬೋರ್‌ವೆಲ್‌ಗಳು ಬತ್ತಿ, ಎಷ್ಟೋ ಮಂದಿ ಟ್ಯಾಂಕರಿನಲ್ಲಿ ನೀರು ತರಿಸಿ ತೋಟ ಉಳಿಸಿಕೊಂಡರು. ಹಾಗೆ ಉಳಿಸಿಕೊಳ್ಳಲಾಗದವರೊಬ್ಬರ ಶೆಡ್ಡಿನಲ್ಲಿ ಈ ಗಾಡಿ ಹತ್ತು ಹನ್ನೆರಡು ತಿಂಗಳು ಒಂದೇ ಜಾಗದಲ್ಲಿ ನಿಂತಿತ್ತು. ‘ನಿಂತ ಗಾಡಿ, ಸವೆದಿಲ್ಲ’ ಎಂಬುದು ಮಾರಿದವರು ಹೇಳಿದ ಮಾತು. ಸವೆದಿರಲಿಲ್ಲ, ಅದು ನಿಜ. ನಿಂತದ್ದೇ ಅದರ ರೋಗವಾಗಿತ್ತು ಎಂಬುದು ನನಗೆ ಗೊತ್ತಾಗಲು ಎರಡು ತಿಂಗಳು ಹಿಡಿಯಿತು.

ಮೊದಲು ತಿಳಿಯಬೇಕಾದದ್ದು ಸೋರುತ್ತಿರುವುದು ಯಾವ ಎಣ್ಣೆ ಎಂಬುದು. ಟ್ರ್ಯಾಕ್ಟರಿನ ಹೊಟ್ಟೆಯಲ್ಲಿ ಒಂದೇ ಬಗೆಯ ದ್ರವವಿರುವುದಿಲ್ಲ. ಗೇರ್ ಪೆಟ್ಟಿಗೆಯ ಎಣ್ಣೆ ಜೋನಿಬೆಲ್ಲದ ಬಣ್ಣದ್ದು, ಅದಕ್ಕೆ ಗಂಧಕದ ಘಾಟು ಇರುವುದೂ ಉಂಟು. ಡೀಸೆಲ್ಲನ್ನು ಬೆರಳಿಗೆ ಹಚ್ಚಿ ಉಜ್ಜಿದರೆ ತೆಳ್ಳಗೆ ಹರಡಿ ವಾಸನೆಯಲ್ಲೇ ಗುರುತು ಹೇಳುತ್ತದೆ. ರೇಡಿಯೇಟರಿನ ನೀರಿಗೆ ಕೂಲೆಂಟಿನ ಬಣ್ಣವಿರುತ್ತದೆ. ಡೀಸೆಲ್ ಇಂಜಿನ್ನಿನ ಆಯಿಲ್ ಮಾತ್ರ ಬದಲಿಸಿದ ಕೆಲವೇ ಗಂಟೆಗಳಲ್ಲಿ ಮಸಿಯಂತೆ ಕಪ್ಪಾಗುತ್ತದೆ. ಎರಡೂ ಹಾಳೆಗಳ ಮೇಲಿನ ಹನಿಗಳು ಶಾಯಿಯಷ್ಟು ಕಪ್ಪಗಿದ್ದವು. ಹಾಗಾಗಿ ಹಿಂದಿನ ಹಾಳೆಯ ಮೇಲೆ ಬಿದ್ದದ್ದು ಗೇರ್ ಪೆಟ್ಟಿಗೆಯದಲ್ಲ, ಇಂಜಿನ್ನಿನದೇ ಎಂಬಷ್ಟು ಖಚಿತವಾಯಿತು. ಆಯಿಲಿನ ಮಟ್ಟ ನೋಡುವ ಕಡ್ಡಿಯನ್ನು ಎಳೆದು ಮೂಸಿಯೂ ನೋಡಿದೆ. ಡೀಸೆಲ್ ಪಂಪಿನಿಂದ ಇಂಧನ ಒಳಗೇ ಸೋರಿ ಆಯಿಲಿಗೆ ಬೆರೆತರೆ ಆಯಿಲ್ ನೀರಾಗಿ ಸಂದುಗೊಂದುಗಳಲ್ಲೆಲ್ಲ ಇಳಿಯುತ್ತದೆ, ಕಡ್ಡಿಯಲ್ಲಿ ಮಟ್ಟ ಇಳಿಯುವ ಬದಲು ಏರುತ್ತದೆ. ಅಂಥದ್ದೇನೂ ಇರಲಿಲ್ಲ.

ದಾವಣಗೆರೆಯಲ್ಲಿ ಪರಿಚಯದವರು ಹೇಳಿದ ಒಂದು ವರ್ಕ್‌ಶಾಪಿಗೆ ಗಾಡಿಯನ್ನು ಕೊಂಡೊಯ್ದೆ. ಅಲ್ಲಿದ್ದ ಮೆಕ್ಯಾನಿಕ್ ಬಗ್ಗಿ ನೋಡಿ, ಕ್ಲಚ್ ಹೌಸಿಂಗಿನ ತಳದಲ್ಲಿ ತೂಗುತ್ತಿದ್ದ ಹನಿಯನ್ನು ಬೆರಳಿನಿಂದ ಒರೆಸಿ, ‘ಹಿಂದ್ಲ ಆಯಿಲ್ ಸೀಲ್ ಹೋಗೇತಿ ಸಾರ್, ಗಾಡಿ ಎರಡು ಭಾಗ ಮಾಡ್ಬೇಕು’ ಎಂದ. ಎರಡು ಭಾಗ ಮಾಡುವುದೆಂದರೆ ಇಂಜಿನ್ನನ್ನೂ ಗೇರ್ ಪೆಟ್ಟಿಗೆಯನ್ನೂ ಬೇರ್ಪಡಿಸಿ, ಕ್ಲಚ್ ಕಳಚಿ, ಫ್ಲೈವೀಲ್ ಇಳಿಸಿ, ಇಂಜಿನ್ನಿನ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟಿನ ಹಿಂತುದಿಯಲ್ಲಿ ಆಯಿಲ್ ತಡೆಯುವ ರಬ್ಬರ್ ಬಳೆಯನ್ನು, ಅಂದರೆ ಸೀಲನ್ನು, ಬದಲಿಸುವುದು. ಸೀಲಿನ ಬೆಲೆ ಕೆಲವು ನೂರು ರೂಪಾಯಿ. ಕೂಲಿ, ‘ಬಿಚ್ಚಿದ ಮೇಲೆ ಹಾಕಿಬಿಡೋಣ’ ಎನ್ನುವ ಹೊಸ ಕ್ಲಚ್ ಪ್ಲೇಟು ಎಲ್ಲ ಸೇರಿ ಹದಿನಾಲ್ಕು ಸಾವಿರ. ಆತ ಸುಳ್ಳು ಹೇಳಿದನೆಂದು ನಾನು ಹೇಳುವುದಿಲ್ಲ. ಹನಿ ತೊಟ್ಟಿಕ್ಕುವ ಜಾಗವೇ ಸೋರುವ ಜಾಗ ಎಂದುಕೊಂಡಿದ್ದ, ಅಷ್ಟೆ. ಆದರೆ ಮಾಡು ಸೋರುವ ಮನೆಯಲ್ಲಿ ಬೆಳೆದವರಿಗೆಲ್ಲ ಗೊತ್ತು: ಹೆಂಚು ಒಡೆದಿರುವುದು ಒಂದು ಕಡೆ, ನೀರು ತೊಲೆಯ ಗುಂಟ ಹರಿದು ಬಂದು ಬೀಳುವುದು ಇನ್ನೊಂದು ಕಡೆ. ಯೋಚಿಸಿ ಹೇಳುತ್ತೇನೆಂದು ಗಾಡಿಯನ್ನು ವಾಪಸ್ಸು ತಂದೆ.

ತಂದ ಮೇಲೆ ಕ್ಯಾಲೆಂಡರಿನ ಹಿಂಬದಿಯ ಲೆಕ್ಕಕ್ಕೆ ಕೂತೆ. ಸುಮಾರು 20 ಹನಿ ಸೇರಿದರೆ ಒಂದು ಮಿಲಿಲೀಟರ್. ರಾತ್ರಿಗೆ 38 ಹನಿ ಎಂದರೆ ಎರಡು ಮಿಲಿಲೀಟರಿನ ಆಸುಪಾಸು. ನಾಲ್ಕು ದಿನಗಳಲ್ಲಿ ಒಟ್ಟು ಹತ್ತು ಗಂಟೆ ಗಾಡಿ ಓಡಿಸಿದ್ದೆ. ಅಷ್ಟರಲ್ಲಿ ಕಡ್ಡಿಯ ಮೇಲಿನ ಗೆರೆಯಲ್ಲಿದ್ದ ಆಯಿಲ್ ಕೆಳಗಿನ ಗೆರೆಯ ಹತ್ತಿರಕ್ಕೆ ಇಳಿದು, ಮತ್ತೆ ತುಂಬಲು ಆರುನೂರು ಮಿಲಿಲೀಟರ್ ಬೇಕಾಗಿತ್ತು. ಹೊಗೆಯಲ್ಲಿ ನೀಲಿ ಬಣ್ಣವಿರಲಿಲ್ಲ, ಅಂದರೆ ಆಯಿಲ್ ಒಳಗೆ ಉರಿದುಹೋಗುತ್ತಿರಲಿಲ್ಲ. ನಾಲ್ಕು ರಾತ್ರಿಗೆ ಎಂಟು ಮಿಲಿಲೀಟರ್ ಎಲ್ಲಿ, ಆರುನೂರು ಎಲ್ಲಿ! ನಿಂತಾಗ ಹನಿಯುವುದಕ್ಕಿಂತ ಹತ್ತಾರು ಪಟ್ಟು ಆಯಿಲ್ ಓಡುವಾಗ ಹೊರಬರುತ್ತಿದೆ, ಏನೋ ಅದನ್ನು ಒಳಗಿನಿಂದ ತಳ್ಳುತ್ತಿದೆ ಎಂದು ಆ ಲೆಕ್ಕ ಅಂದೇ ಹೇಳುತ್ತಿತ್ತು. ಹತ್ತನೆಯ ತರಗತಿಯ ಹುಡುಗ ಇಂಥ ಉತ್ತರವನ್ನು ಬರೆದು ಅದರ ಅರ್ಥವನ್ನು ಗಮನಿಸದೆ ಮುಂದಿನ ಪ್ರಶ್ನೆಗೆ ಹಾರಿದ್ದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದೆ. ನಾನು ಮಾಡಿದ್ದೂ ಅದನ್ನೇ.

ಮರುದಿನ ಬೆಳಿಗ್ಗೆ ಗೋಣಿಚೀಲ ಹಾಸಿಕೊಂಡು ಗಾಡಿಯ ಅಡಿಗೆ ತೂರಿದೆ. ಕ್ಲಚ್ ಹೌಸಿಂಗಿನ ತಳದಲ್ಲಿ ಒಂದು ಸಣ್ಣ ತೂತು ಇರುತ್ತದೆ, ಅದರಲ್ಲಿ ಸಡಿಲವಾಗಿ ಒಂದು ಕಾಟರ್ ಪಿನ್ನು ತೂಗುತ್ತಿರುತ್ತದೆ. ಕ್ರ್ಯಾಂಕಿನ ಹಿಂದಿನ ಸೀಲೋ ಗೇರ್ ಪೆಟ್ಟಿಗೆಯ ಮುಂದಿನ ಸೀಲೋ ಸೋತರೆ ಆಯಿಲ್ ಕ್ಲಚ್ಚಿನ ಮೇಲೆ ನಿಲ್ಲದೆ ಹೊರಗೆ ಹೋಗಲಿ ಎಂದೇ ಇಟ್ಟಿರುವ ತೂತು ಅದು. ಪಿನ್ನು ಅಲುಗಾಡುತ್ತಾ ಕೆಸರು ಕಟ್ಟದಂತೆ ನೋಡಿಕೊಳ್ಳುತ್ತದೆ. ನನ್ನ ಗಾಡಿಯಲ್ಲಿ ಪಿನ್ನೂ ಇರಲಿಲ್ಲ, ತೂತೂ ಕಾಣಲಿಲ್ಲ. ಜಿಡ್ಡನ್ನು ಕೆರೆದಾಗ ಅಲ್ಲಿ ಬೂದು ಬಣ್ಣದ ಒಂದು ಗಟ್ಟಿ ಉಂಡೆ ಸಿಕ್ಕಿತು: ಎಂ-ಸೀಲ್. ನೀರಿನ ಟ್ಯಾಂಕಿಗೆ ಮೆತ್ತುವ ಹಾಗೆ ಯಾರೋ ಅದನ್ನು ತೂತಿಗೆ ಮೆತ್ತಿದ್ದರು. ಮಾರುವ ಮುನ್ನ ಸೋರಿಕೆ ಮುಚ್ಚಿಡಲು ಮಾಡಿದ ಉಪಾಯವೋ, ನಿಜವಾಗಿಯೂ ನಿಲ್ಲುತ್ತದೆಂಬ ನಂಬಿಕೆಯೋ, ಕೇಳಲು ಹೋಗಲಿಲ್ಲ.

ಆ ಉಂಡೆ ನನ್ನ ಹದಿನಾಲ್ಕು ಸಾವಿರ ಉಳಿಸಿತು. ಹಿಂದಿನ ಸೀಲ್ ಹೋಗಿದ್ದೇ ನಿಜವಾದರೆ, ತೂತು ಮುಚ್ಚಿದ ಆ ಹೌಸಿಂಗಿನೊಳಗೆ ಇಷ್ಟು ದಿನದ ಆಯಿಲ್ ಕೆರೆಯಂತೆ ನಿಂತಿರಬೇಕು, ಕ್ಲಚ್ ಜಾರುತ್ತಿರಬೇಕು. ಕ್ಲಚ್ ಎಂದೂ ಜಾರಿರಲಿಲ್ಲ. ಹಳೆಯ ಬಟ್ಟಲೊಂದನ್ನು ಕೆಳಗಿಟ್ಟು, ಉಳಿಯಿಂದ ತಟ್ಟಿ ಎಂ-ಸೀಲನ್ನು ಬಿಡಿಸಿ, ತಂತಿ ತೂರಿಸಿದೆ. ಬಟ್ಟಲಿಗೆ ಬಿದ್ದದ್ದು ಒಂದು ಚಿಟಿಕೆ ತುಕ್ಕಿನ ಪುಡಿ ಮತ್ತು ಕ್ಲಚ್ ಪ್ಲೇಟಿನ ಕಪ್ಪು ಧೂಳು. ಅದನ್ನು ಕಾಗದದ ಮೇಲೆ ಸುರಿದು ಬೆರಳಿನಿಂದ ಒತ್ತಿದರೆ ಕಾಗದಕ್ಕೆ ಎಣ್ಣೆಯ ಕಲೆಯೂ ಆಗಲಿಲ್ಲ. ಹೌಸಿಂಗಿನ ಒಳಗು ಒಣಗಿತ್ತು, ಹೊರಗು ಒದ್ದೆಯಾಗಿತ್ತು. ಅಂದಮೇಲೆ ಆಯಿಲ್ ಮೇಲೆಲ್ಲಿಂದಲೋ ಹೊರಮೈಯ ಗುಂಟ ಇಳಿದು ಬರುತ್ತಿತ್ತು.

ಎಲ್ಲಿಂದ ಎಂದು ನೋಡಲು ಮೊದಲು ಇಂಜಿನ್ ಕಾಣಬೇಕಲ್ಲ. ಆಯಿಲ್, ಧೂಳು, ಅಡಿಕೆ ಸಿಪ್ಪೆಯ ನಾರು ಸೇರಿ ಅದರ ಮೈಮೇಲೆ ಅರ್ಧ ಅಂಗುಲದ ಹೊದಿಕೆ ಕಟ್ಟಿಕೊಂಡಿತ್ತು. ಎರಡು ಲೀಟರ್ ಡೀಸೆಲ್, ಬಣ್ಣ ಹೊಡೆಯುವ ಹಳೆಯ ಬ್ರಶ್ಶು, ಒಂದು ಕಟ್ಟು ಬನಿಯನ್ ವೇಸ್ಟು. ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೂ ಊರಿನ ಗ್ಯಾರೇಜುಗಳಲ್ಲಿ ಈ ವೇಸ್ಟಿಗೆ ಬರವಿಲ್ಲ. ಆಲ್ಟರ್ನೇಟರಿಗೂ ಸ್ಟಾರ್ಟರಿಗೂ ಪ್ಲಾಸ್ಟಿಕ್ ಸುತ್ತಿ, ಏರ್ ಫಿಲ್ಟರಿನ ಬಾಯಿ ಮುಚ್ಚಿ, ಮೇಲಿನಿಂದ ಕೆಳಕ್ಕೆ ಒಂದು ಹಗಲೆಲ್ಲ ತೊಳೆದೆ. ತೊಳೆದ ಡೀಸೆಲ್ಲನ್ನು ಬಾಂಡ್ಲಿಯಲ್ಲಿ ಹಿಡಿದು ಡಬ್ಬಿಗೆ ತುಂಬಿಟ್ಟೆ. ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಹರಡಿಕೊಂಡಿರುತ್ತದೆ, ಅದರ ಮೇಲೆ ಈ ಮಡ್ಡಿಯನ್ನು ಸುರಿಯುವುದು ನನಗೆ ಒಗ್ಗುವುದಿಲ್ಲ. ಸಂಜೆಯ ಹೊತ್ತಿಗೆ ಇಂಜಿನ್ನಿನ ಮೂಲ ಬಣ್ಣ ಕಂಡಿತು.

ಒಣಗಿದ ಲೋಹದ ಮೇಲೆ ಪುಡಿ ಉದುರಿಸಿದರೆ ಆಯಿಲ್ ಮೊದಲು ಎಲ್ಲಿ ಮೂಡುತ್ತದೋ ಅಲ್ಲಿ ಪುಡಿ ಕಪ್ಪಾಗುತ್ತದೆ. ಕೆಲವರು ಮುಖಕ್ಕೆ ಹಚ್ಚುವ ಪೌಡರ್ ಬಳಸುತ್ತಾರೆ. ನನ್ನ ಮನೆಯಲ್ಲಿ ನಿವೃತ್ತಿಯ ದಿನ ಸಹೋದ್ಯೋಗಿಗಳು ತಮಾಷೆಗೆಂದು ಕೊಟ್ಟ ಒಂದು ಪೆಟ್ಟಿಗೆ ಸೀಮೆಸುಣ್ಣವಿತ್ತು. ಹತ್ತು ಕಡ್ಡಿ ಕುಟ್ಟಿ, ತೆಳು ಬಟ್ಟೆಯಲ್ಲಿ ಕಟ್ಟಿ, ಫ್ಯಾನ್ ಬೆಲ್ಟಿಗೆ ತಾಗದಂತೆ ಇಂಜಿನ್ನಿನ ಬದಿಗಳ ಮೇಲೆ ತಟ್ಟಿದೆ. ಗಾಡಿ ಸ್ಟಾರ್ಟ್ ಮಾಡಿ, ಟಾರ್ಚ್ ಹಿಡಿದು ಕುಳಿತೆ. ಇಂಜಿನ್ ಬಿಸಿಯೇರುವವರೆಗೆ ಏನೂ ಇಲ್ಲ. ಇಪ್ಪತ್ತು ನಿಮಿಷವಾದ ಮೇಲೆ ಇಂಜಿನ್ನಿನ ನೆತ್ತಿಯ ಮುಚ್ಚಳವಾದ ಟ್ಯಾಪೆಟ್ ಕವರಿನ ಹಿಂದಿನ ಎಡ ಮೂಲೆಯಲ್ಲಿ ಬಿಳಿಯ ಪುಡಿ ಮೊದಲು ಬೂದಿಯ ಬಣ್ಣಕ್ಕೆ ತಿರುಗಿತು, ಆಮೇಲೆ ಅಲ್ಲಿಂದ ಒಂದು ಕಪ್ಪು ಗೆರೆ ಇರುವೆಯ ಸಾಲಿನಂತೆ ನಿಧಾನವಾಗಿ ಕೆಳಗಿಳಿಯಲಾರಂಭಿಸಿತು. ಸಿಲಿಂಡರ್ ಹೆಡ್ಡಿನ ಹಿಂಬದಿಯಿಂದ ಬ್ಲಾಕಿನ ಅಂಚಿಗೆ, ಅಲ್ಲಿಂದ ಹೌಸಿಂಗಿನ ಬೆನ್ನಿಗೆ, ಅಲ್ಲಿಂದ ತಳಕ್ಕೆ. ವರ್ಕ್‌ಶಾಪಿನ ಮೆಕ್ಯಾನಿಕ್ ಬೆರಳಿನಿಂದ ಒರೆಸಿದ್ದು ಈ ಗೆರೆಯ ಬಾಲವನ್ನು.

ಟ್ಯಾಪೆಟ್ ಕವರನ್ನು ಬಿಚ್ಚುವುದು ದೊಡ್ಡ ಕೆಲಸವಲ್ಲ. ಒಳಗೆ ಕಾರ್ಕಿನ ಪ್ಯಾಕಿಂಗ್ ಹಪ್ಪಳದಂತೆ ಗಟ್ಟಿಯಾಗಿ ಎರಡು ಕಡೆ ಮುರಿದಿತ್ತು. ಸೋರಿದಾಗಲೆಲ್ಲ ನಟ್ಟನ್ನು ಇನ್ನಷ್ಟು ಬಿಗಿದಿದ್ದರಿಂದ ತಗಡಿನ ಕವರಿನ ಅಂಚು ನಟ್ಟಿನ ಬಳಿ ತಗ್ಗಾಗಿ, ನಡುವೆ ಉಬ್ಬಿತ್ತು. ಇಂಥ ಕಡೆ ಬಿಗಿದಷ್ಟೂ ಸೋರುತ್ತದೆ. ಅಂಚನ್ನು ಕಡಪಾ ಕಲ್ಲಿನ ಮೇಲಿಟ್ಟು ಮರದ ಸುತ್ತಿಗೆಯಿಂದ ಸಮ ಮಾಡಿ, ಹೊಸ ರಬ್ಬರ್ ಪ್ಯಾಕಿಂಗ್ ಕೂರಿಸಿ, ನಟ್ಟುಗಳ ಕೆಳಗಿನ ವಾಷರುಗಳನ್ನೂ ಬದಲಿಸಿ, ಕೈಯಿಂದ ತಿರುಗಿಸುವಷ್ಟು ತಿರುಗಿಸಿ ಮೇಲೆ ಸ್ಪ್ಯಾನರಿನಲ್ಲಿ ಕಾಲು ಸುತ್ತು ಮಾತ್ರ ಕೊಟ್ಟೆ. ಹಿಂದಿನ ಹಾಳೆ ಮರುದಿನ ಒಣಗಿತ್ತು. ಅಂದು ನನಗಾದ ಸಂತೋಷವನ್ನು ಈಗ ನೆನೆದರೆ ಸ್ವಲ್ಪ ನಾಚಿಕೆಯಾಗುತ್ತದೆ, ಏಕೆಂದರೆ ಮುಂದಿನ ಹಾಳೆಯಲ್ಲಿ 11 ಇದ್ದದ್ದು 19 ಆಗಿತ್ತು. ಎರಡು ಸಂಖ್ಯೆಗೂ ಒಂದಕ್ಕೊಂದು ಸಂಬಂಧವಿರಬಹುದೆಂದು ನಾನು ಯೋಚಿಸಲಿಲ್ಲ. ಮುಂದಿನ ಸೀಲ್ ಹಳೆಯದು, ಅದೂ ಹೋಗಿದೆ, ಬದಲಿಸಿದರಾಯಿತು ಎಂದುಕೊಂಡೆ.

ಮುಂದಿನ ಸೀಲೆಂದರೆ ಕ್ರ್ಯಾಂಕ್ ಪುಲ್ಲಿಯ ಹಿಂದೆ, ಟೈಮಿಂಗ್ ಕವರಿನಲ್ಲಿ ಕೂತಿರುವ ರಬ್ಬರ್ ಬಳೆ. ಮಿನಿ ಟ್ರ್ಯಾಕ್ಟರಿನಲ್ಲಿ ಪುಲ್ಲಿಗೂ ರೇಡಿಯೇಟರಿಗೂ ನಡುವೆ ಅಂಗೈ ತೂರುವಷ್ಟೇ ಜಾಗವಿರುವುದರಿಂದ ಮೊದಲು ನೀರು ಇಳಿಸಿ ರೇಡಿಯೇಟರನ್ನು ಹೊರತೆಗೆಯಬೇಕಾಯಿತು. ಬೆಲ್ಟು ಕಳಚಿ, ಗಾಡಿಯನ್ನು ಮೇಲಿನ ಗೇರಿಗೆ ಹಾಕಿ, ಬ್ರೇಕನ್ನು ತುಳಿದು ಹಿಡಿಯಲು ಪಕ್ಕದ ತೋಟದ ಹುಡುಗನನ್ನು ಕೂರಿಸಿ, ಪುಲ್ಲಿಯ ದೊಡ್ಡ ನಟ್ಟನ್ನು ಬಿಚ್ಚಿದೆ. ಪುಲ್ಲಿಯನ್ನು ಎಳೆಯಲು ಬಾಡಿಗೆಗೆ ಪುಲ್ಲರ್ ತಂದಿದ್ದೆ. ಸುತ್ತಿಗೆಯಿಂದ ಹೊಡೆದು ಬಿಡಿಸಲು ಹೋದರೆ ಪುಲ್ಲಿ ಸೀಳುತ್ತದೆ. ಹಳೆಯ ಸೀಲನ್ನು ಸ್ಕ್ರೂಡ್ರೈವರಿನಿಂದ ಮೀಟಿದರೆ ಶಾಫ್ಟಿಗೆ ಗೀರು ಬೀಳುತ್ತದೆ, ಆ ಗೀರೇ ಮುಂದಿನ ಸೋರಿಕೆಗೆ ಕಾಲುವೆಯಾಗುತ್ತದೆ. ಅದಕ್ಕಾಗಿ ಸೀಲಿನ ಲೋಹದ ಮುಖಕ್ಕೆ ಎದುರುಬದುರಾಗಿ ಎರಡು ಸಣ್ಣ ತೂತು ಕೊರೆದು, ಸ್ಕ್ರೂ ತಿರುಗಿಸಿ, ಅವುಗಳನ್ನು ಇಕ್ಕಳದಿಂದ ಹಿಡಿದು ಒಂದಿಷ್ಟು ಆ ಕಡೆ ಒಂದಿಷ್ಟು ಈ ಕಡೆ ಎಳೆದು ತೆಗೆದೆ.

ಅಳತೆ ತೆಗೆಯಲು ನನ್ನ ಹಳೆಯ ವರ್ನಿಯರ್ ಕ್ಯಾಲಿಪರ್ ಇತ್ತು. ಮಕ್ಕಳಿಗೆ ಗೋಲಿಯ ವ್ಯಾಸ ಅಳೆಯುವುದನ್ನು ಕಲಿಸಿದ ಆ ಉಪಕರಣ ಒಂದು ನಿಜವಾದ ಕೆಲಸಕ್ಕೆ ಬಂದದ್ದು ಅದೇ ಮೊದಲು. ಒಳವ್ಯಾಸ 40, ಹೊರವ್ಯಾಸ 60, ದಪ್ಪ 10 ಮಿಲಿಮೀಟರ್. ಸೀಲಿನ ಮೇಲೂ ಈ ಮೂರು ಅಂಕಿಗಳೇ ಅಚ್ಚಾಗಿರುತ್ತವೆ; ದಾವಣಗೆರೆಯ ಹಳೆಯ ಪಿ.ಬಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಗಾಡಿಯ ಹೆಸರು ಹೇಳುವ ಅಗತ್ಯವೇ ಬರಲಿಲ್ಲ, ಅಂಕಿ ಹೇಳಿದರೆ ಸಾಕಾಯಿತು. ಕಪ್ಪು ಬಣ್ಣದ ಸಾಮಾನ್ಯ ನೈಟ್ರೈಲ್ ರಬ್ಬರಿನದು ಬೇಕೋ, ಹೆಚ್ಚು ಬಿಸಿ ತಡೆಯುವ ವೈಟಾನಿನದು ಬೇಕೋ ಎಂದು ಕೇಳಿದರು. ಬೆಲೆಯಲ್ಲಿ ಮೂರು ಪಟ್ಟು ವ್ಯತ್ಯಾಸವಿತ್ತು. ಇಷ್ಟೆಲ್ಲ ಬಿಚ್ಚುವ ಕಷ್ಟ ಮತ್ತೆ ಬೇಡವೆಂದು ವೈಟಾನನ್ನೇ ತಂದೆ.

ಪುಲ್ಲಿಯ ಕುತ್ತಿಗೆಯ ಮೇಲೆ, ಹಳೆಯ ಸೀಲಿನ ತುಟಿ ಸದಾ ಉಜ್ಜುತ್ತಿದ್ದ ಜಾಗದಲ್ಲಿ, ಉಗುರು ಆಡಿಸಿದರೆ ತಡೆಯುವಷ್ಟು ಆಳದ ಒಂದು ಹೊಳೆಯುವ ಗೆರೆ ಬಿದ್ದಿತ್ತು. ಮೆತ್ತನೆಯ ರಬ್ಬರು ಉಕ್ಕನ್ನು ಸವೆಸುತ್ತದೆ ಎಂದರೆ ನಂಬುವುದು ಕಷ್ಟ. ಸವೆಸುವುದು ರಬ್ಬರಲ್ಲ, ಅದರ ತುಟಿಯಲ್ಲಿ ಸಿಕ್ಕಿಕೊಂಡ ಧೂಳಿನ ಕಣ. ಹೊಸ ಸೀಲನ್ನು ಅದೇ ಜಾಗಕ್ಕೆ ಕೂರಿಸಿದರೆ ಅದರ ತುಟಿಯೂ ಆ ಗೆರೆಯೊಳಗೇ ಬೀಳುತ್ತದೆ. ಕುತ್ತಿಗೆಗೆ ತೆಳುವಾದ ಉಕ್ಕಿನ ತೋಳು ತೊಡಿಸುವುದು ಒಂದು ದಾರಿ. ಸೀಲಿನ ಮನೆಯಲ್ಲಿ ಸ್ವಲ್ಪ ಜಾಗ ಮಿಕ್ಕಿದ್ದರಿಂದ ನಾನು ಅಗ್ಗದ ದಾರಿ ಹಿಡಿದೆ: ಸೀಲನ್ನು ಪೂರ್ತಿ ಒಳಕ್ಕೆ ತಳ್ಳದೆ ಒಂದೂವರೆ ಮಿಲಿಮೀಟರ್ ಹೊರಗೇ ನಿಲ್ಲಿಸಿದೆ, ತುಟಿ ಹೊಸ ಜಾಗದಲ್ಲಿ ಕೂರುವಂತೆ. ಸ್ಪ್ರಿಂಗ್ ಇರುವ ಮುಖ ಆಯಿಲಿನ ಕಡೆಗಿರಬೇಕು. ತುಟಿಗೆ ಗ್ರೀಸ್ ಸವರಿರಬೇಕು, ಇಲ್ಲದಿದ್ದರೆ ಮೊದಲ ಸುತ್ತುಗಳಲ್ಲೇ ಒಣಗಿ ಸುಡುತ್ತದೆ. ಹೊರವ್ಯಾಸಕ್ಕೆ ಸರಿಹೊಂದುವ ಪಿವಿಸಿ ಪೈಪಿನ ತುಂಡನ್ನು ಮೇಲಿಟ್ಟು, ಒಂದು ಬದಿ ಮುಂದೆ ಹೋಗದಂತೆ ಸುತ್ತಲೂ ಮೆಲ್ಲಗೆ ತಟ್ಟುತ್ತಾ ಕೂರಿಸಿದೆ. ವರ್ನಿಯರಿನ ಬಾಲವನ್ನು ನಾಲ್ಕು ಕಡೆ ಇಳಿಸಿ ಆಳ ಅಳೆದು ನೋಡಿದೆ. ನಾಲ್ಕೂ ಒಂದೇ.

ಮೂರು ದಿನ ಹಾಳೆ ಒಣಗಿತ್ತು. ನಾಲ್ಕನೆಯ ದಿನ ರೋಟವೇಟರ್ ಹಾಕಿ ಮೂರು ಗಂಟೆ ಬಿಡದೆ ದುಡಿಸಿದೆ. ಸಂಜೆ ಪುಲ್ಲಿಯ ಸುತ್ತ ಹೊಸ ಆಯಿಲ್ ಚಕ್ರಾಕಾರವಾಗಿ ಸಿಡಿದಿತ್ತು, ಬೆಲ್ಟೂ ತೊಯ್ದಿತ್ತು. ಬೆಳಿಗ್ಗೆ ಮುಂದಿನ ಹಾಳೆಯಲ್ಲಿ ಎಣಿಸಲಾಗದಷ್ಟು ಹನಿ ಸೇರಿ ಒಂದು ಪುಟ್ಟ ಮಡುವಾಗಿತ್ತು.

ಅಂಥ ಹೊತ್ತಿನಲ್ಲಿ ಮನುಷ್ಯ ಮೊದಲು ಸೀಲು ಮಾರಿದವನನ್ನು ಬಯ್ಯುತ್ತಾನೆ, ಆಮೇಲೆ ತನ್ನ ಕೈಯನ್ನು ಬಯ್ದುಕೊಳ್ಳುತ್ತಾನೆ. ನಾನು ಎರಡನ್ನೂ ಮುಗಿಸಿ, ನಮ್ಮ ಊರಿನ ಹಳೆಯ ಮೆಕ್ಯಾನಿಕ್ ಸಾಹೇಬರ ಮನೆಗೆ ಹೋದೆ. ಭದ್ರಾ ನಾಲೆಯ ನೀರು ಏರದ ಮೇಲಿನ ಹೊಲಗಳಿಗೆಲ್ಲ ಡೀಸೆಲ್ ಪಂಪ್‌ಸೆಟ್ಟುಗಳೇ ಆಧಾರವಾಗಿದ್ದ ಕಾಲದಲ್ಲಿ ಸುತ್ತಲಿನ ಹತ್ತು ಹಳ್ಳಿಯ ಇಂಜಿನ್ನುಗಳನ್ನು ರಿಪೇರಿ ಮಾಡಿದವರು. ಈಗ ಕಣ್ಣು ಮಂಜು, ಸ್ಪ್ಯಾನರ್ ಹಿಡಿಯುವುದಿಲ್ಲ. ನನ್ನ ಕತೆಯನ್ನೆಲ್ಲ ಚಹಾ ಕುಡಿಯುತ್ತಾ ಕೇಳಿದರು. ಸೀಮೆಸುಣ್ಣದ ಪುಡಿಯ ಸಂಗತಿಗೆ ನಕ್ಕರು. ಮೇಲಿನ ಪ್ಯಾಕಿಂಗ್ ಹಾಕಿದ ಮೇಲೆ ಮುಂದಿನದು ಹೆಚ್ಚಾಯಿತು ಎಂದಾಗ ಲೋಟ ಕೆಳಗಿಟ್ಟು ಕೇಳಿದರು:

‘ಅಲ್ಲ ಮೇಷ್ಟ್ರೇ, ಇಂಜಿನ್ನಿಗೆ ಉಸ್ರಾಡೋಕೆ ದಾರಿ ಐತೋ ಇಲ್ಲೋ ನೋಡೀರೇನು?’

ಪಿಸ್ಟನ್ನಿನ ರಿಂಗುಗಳು ಎಷ್ಟೇ ಚೆನ್ನಾಗಿದ್ದರೂ ಉರಿದ ಅನಿಲದಲ್ಲಿ ಒಂದಿಷ್ಟು ಅವುಗಳ ಸಂದಿನಿಂದ ಜಾರಿ ಕೆಳಗಿನ ಆಯಿಲ್ ಚೇಂಬರಿಗೆ ಇಳಿಯುತ್ತದೆ. ಅದು ಹೊರಗೆ ಹೋಗಲೆಂದೇ ಒಂದು ಬ್ರೀದರ್ ಪೈಪು ಇರುತ್ತದೆ. ನನ್ನ ಗಾಡಿಯಲ್ಲಿ ಟ್ಯಾಪೆಟ್ ಕವರಿನಿಂದ ಹೊರಟು, ಇಂಜಿನ್ನಿನ ಬದಿಯಲ್ಲಿ ಇಳಿದು, ಚಾಸಿಯ ಹತ್ತಿರ ಕೆಳಮುಖವಾಗಿ ತೆರೆದುಕೊಳ್ಳುವ ಕಿರುಬೆರಳು ದಪ್ಪದ ಪೈಪು. ಆಯಿಲ್ ಸೀಲಿನ ತುಟಿ ಎರಚುವ ಆಯಿಲನ್ನು ತಡೆಯಬಲ್ಲದೇ ಹೊರತು ಹಿಂದಿನಿಂದ ಒತ್ತಡ ಬಿದ್ದರೆ ಹೆಚ್ಚು ಹೊತ್ತು ತಡೆಯಲಾರದು. ಕುಕ್ಕರಿನ ವಿಷಲ್ ನಳಿಕೆಯಲ್ಲಿ ಬೇಳೆ ಸಿಕ್ಕಿಕೊಂಡರೆ ಗ್ಯಾಸ್ಕೆಟಿನ ಅಂಚಿನಿಂದ ನೀರು ಬುಸುಗುಟ್ಟುವುದನ್ನು ಮನೆಯಲ್ಲಿ ಎಷ್ಟು ಸಲ ನೋಡಿದ್ದೇನೋ. ಮೇಲಿನ ಮುರಿದ ಕಾರ್ಕು ಇಷ್ಟು ದಿನ ಆ ಇಂಜಿನ್ನಿನ ಮೂಗಾಗಿತ್ತು. ನಾನು ಅದನ್ನು ಅಚ್ಚುಕಟ್ಟಾಗಿ ಮುಚ್ಚಿದ್ದೆ.

ಪರೀಕ್ಷೆಯ ವಿಧಾನವನ್ನೂ ಸಾಹೇಬರೇ ಹೇಳಿಕೊಟ್ಟರು. ಇಂಜಿನ್ ಸಣ್ಣಗೆ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು, ಆ ಬಾಯಿಗೆ ತೆಳುವಾದ ಪ್ಲಾಸ್ಟಿಕ್ ಕವರೊಂದನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿದೆ. ಜೋತುಬಿದ್ದಿದ್ದ ಕವರು ಒಂದೆರಡು ಉಸಿರಿನಷ್ಟು ಹೊತ್ತಿನಲ್ಲೇ ಎದ್ದು ನಿಂತಿತು, ಹಬ್ಬದ ಬಲೂನಿನಂತೆ ಬಿಗಿಯಾಯಿತು, ಬ್ಯಾಂಡ್ ಕಳಚಿ ಹಾರಿ ನನ್ನ ಕನ್ನಡಕದ ಮೇಲೆ ಆಯಿಲ್ ಸಿಂಪಡಿಸಿತು. ಕನ್ನಡಕ ಒರೆಸಿಕೊಳ್ಳುವಾಗ ಕ್ಯಾಲೆಂಡರಿನ ಹಿಂಬದಿಯ ಆರುನೂರು ಮಿಲಿಲೀಟರ್ ನೆನಪಾಯಿತು.

ಪೈಪಿನ ಬಾಯಿಯನ್ನು ನೋಡಲು ನೆಲಕ್ಕೆ ಕೆನ್ನೆ ಹಚ್ಚಿ ಮಲಗಬೇಕು. ಅಲ್ಲಿ ತೂತಿನ ಬದಲು ನುಣ್ಣಗೆ ಸವರಿದ ಕೆಮ್ಮಣ್ಣಿತ್ತು, ಕುಂಬಾರ ಹೆಬ್ಬೆರಳಿನಿಂದ ಒತ್ತಿ ಬಿಟ್ಟಂತೆ. ತೊಳೆಯುವಾಗ ನಾನು ಅದನ್ನು ಪೈಪಿಗೆ ಮೆತ್ತಿದ ಕೆಸರೆಂದುಕೊಂಡು ಮೇಲಷ್ಟೇ ಉಜ್ಜಿ ಬಿಟ್ಟಿದ್ದೆ. ಪೈಪನ್ನು ಬಿಚ್ಚಿ ತಂದು ಕಟ್ಟೆಯ ಮೇಲೆ ಕುಟ್ಟಿದರೆ ಅಲುಗಲಿಲ್ಲ. ಗಟ್ಟಿ ತಂತಿಯಿಂದ ಚುಚ್ಚಿ ಚುಚ್ಚಿ ತೆಗೆದಾಗ ಮಣ್ಣಿನ ಒಂದು ಗೋಡೆ, ಅದರ ಹಿಂದೆ ಪುಟ್ಟ ಕೋಣೆ, ಮತ್ತೊಂದು ಗೋಡೆ, ಮತ್ತೊಂದು ಕೋಣೆ, ಹೀಗೆ ನಾಲ್ಕು. ಮಣ್ಣಿನ ಗೂಡು ಕಟ್ಟುವ ಕಣಜದ ಕೆಲಸ. ಗಾಡಿ ಆ ಶೆಡ್ಡಿನಲ್ಲಿ ನಿಂತಿದ್ದ ತಿಂಗಳುಗಳಲ್ಲಿ, ಮಳೆ ತಾಗದ, ಯಾರೂ ಮುಟ್ಟದ ಆ ನಳಿಕೆ ಅದಕ್ಕೆ ಹೇಳಿ ಮಾಡಿಸಿದಂತೆ ಕಂಡಿರಬೇಕು. ಎರಡು ಕೋಣೆಗಳಲ್ಲಿ ಮರಿಗಳಿಗೆಂದು ತುಂಬಿಟ್ಟಿದ್ದ ಜೇಡಗಳ ಒಣಗಿದ ಕಾಲುಗಳು ಇನ್ನೂ ಇದ್ದವು. ಆಚೆಗೆ, ಪೈಪಿನ ಮೇಲ್ಭಾಗದಲ್ಲಿ, ಹೊರಗೆ ಹೋಗಲಾರದೆ ತಂಗಿದ ಆಯಿಲಿನ ಆವಿ ಕಪ್ಪು ಮಡ್ಡಿಯಾಗಿ ಆ ಮಣ್ಣನ್ನು ಒಳಗಿನಿಂದ ಗಾರೆಯಂತೆ ಗಟ್ಟಿಗೊಳಿಸಿತ್ತು. ಡೀಸೆಲ್ಲಿನಲ್ಲಿ ಒಂದು ರಾತ್ರಿ ನೆನೆಹಾಕಿ, ಬಾಟಲಿ ತೊಳೆಯುವ ಬ್ರಶ್ಶಿನಿಂದ ಉಜ್ಜಿ, ಊದಿ ನೋಡಿ, ಪೈಪನ್ನು ಮತ್ತೆ ಜೋಡಿಸಿದೆ.

ಕವರಿನ ಪರೀಕ್ಷೆ ಮತ್ತೆ ಮಾಡಿದೆ. ಈ ಸಲ ಅದು ಸ್ವಲ್ಪ ಮೇಲೆದ್ದು, ನಿದ್ದೆಯಲ್ಲಿರುವ ಮಗುವಿನ ಹೊಟ್ಟೆಯಂತೆ ಮೆಲ್ಲಗೆ ಏರಿಳಿಯುತ್ತಾ ನಿಂತಿತು. ರಿಂಗುಗಳು ಸವೆದಿದ್ದರೆ ಪೈಪು ತೆರೆದಿದ್ದರೂ ಕವರು ಬಿಗಿಯುತ್ತಿತ್ತು, ಪೈಪಿನ ಬಾಯಲ್ಲಿ ಹೊಗೆ ದಟ್ಟವಾಗಿ ಬರುತ್ತಿತ್ತು. ಆ ಭಯವೂ ಕಳೆಯಿತು. ವೈಟಾನ್ ಸೀಲನ್ನು ಬದಲಿಸುವ ಅಗತ್ಯ ಬೀಳಲಿಲ್ಲ. ಅದರ ತುಟಿ ಒತ್ತಡಕ್ಕೆ ಮಗುಚಿಕೊಂಡಿರದೆ ಬರೀ ಸೋತು ದಾರಿ ಬಿಟ್ಟಿತ್ತೆಂದು ಕಾಣುತ್ತದೆ. ಬೆಲ್ಟನ್ನು ಮಾತ್ರ ಹೊಸದು ಹಾಕಿದೆ, ಆಯಿಲ್ ಕುಡಿದ ಬೆಲ್ಟು ಉಬ್ಬಿ ಜಾರುತ್ತದೆ. ಹಳೆಯ ಆಯಿಲ್ ಇಳಿಸಿ, ಡ್ರೈನ್ ಬೋಲ್ಟಿಗೆ ಹೊಸ ತಾಮ್ರದ ವಾಷರ್ ಕೊಟ್ಟು, 15ಡಬ್ಲ್ಯು-40 ದರ್ಜೆಯ ಹೊಸ ಆಯಿಲ್ ತುಂಬಿದೆ. ಕ್ಲಚ್ ಹೌಸಿಂಗಿನ ತೂತಿಗೆ ಹೊಸ ಕಾಟರ್ ಪಿನ್ನನ್ನು ತೂಗುಬಿಟ್ಟೆ.

ಪೈಪಿನ ಬಾಯಿಗೆ ಜಾಲರಿ ಕಟ್ಟಲೇ ಎಂದು ಸಾಹೇಬರನ್ನು ಕೇಳಿದ್ದೆ. ಸೊಳ್ಳೆ ಪರದೆಯಂಥ ಸಣ್ಣ ಕಣ್ಣಿನದು ಕಟ್ಟಿದರೆ ಆವಿಯ ಮಡ್ಡಿ ಅಂಟಿ ಕಣಜಕ್ಕಿಂತ ಬೇಗ ಅದೇ ಮುಚ್ಚಿಕೊಳ್ಳುತ್ತದೆ, ಕಟ್ಟಬೇಡಿ ಎಂದರು. ಹಾಗಾಗಿ ಏನೂ ಕಟ್ಟಿಲ್ಲ. ವಾರಕ್ಕೊಮ್ಮೆ ಆಯಿಲ್ ಕಡ್ಡಿ ನೋಡುವಾಗ ಬಗ್ಗಿ, ಕಿರುಬೆರಳನ್ನು ಪೈಪಿನ ಬಾಯೊಳಗೆ ಆಡಿಸಿ, ಬೆರಳಿಗೆ ಮಣ್ಣು ಹತ್ತಿಲ್ಲವೆಂದು ನೋಡಿ, ಪಂಚೆಯ ಅಂಚಿಗೆ ಒರೆಸಿಕೊಳ್ಳುತ್ತೇನೆ. ಪಂಚೆಯ ಕಲೆಯ ಬಗ್ಗೆ ಮನೆಯಲ್ಲಿ ಮಾತು ಕೇಳುವುದೂ ಇದೆ. ಹಿಂದಿನ ಹಾಳೆಯನ್ನು ತೆಗೆದುಬಿಟ್ಟಿದ್ದೇನೆ. ಮುಂದಿನ ಹಾಳೆಯಲ್ಲಿ ದುಡಿದ ದಿನ ಒಂದು ಹನಿ ಬೀಳುತ್ತದೆ, ಕೆಲವೊಮ್ಮೆ ಅದೂ ಇಲ್ಲ. ಪುಲ್ಲಿಯ ಕುತ್ತಿಗೆಯ ಆ ಹಳೆಯ ಗೆರೆಯದೇ ಇರಬೇಕು. ಹಾಳೆ ಒಣಗಿ ಸೀಳಿದಾಗ ಹೊಸದು ತಂದು ಇಡುತ್ತೇನೆ.